ಉಚಿತ ಪ್ರವೇಶ, ಬಿಟ್ಟಿ ತಮಟೆ



ಈಗ ಎಲ್ಲಿ ನೋಡಿದರೂ ವಿಶ್ವವಿದ್ಯಾಲಯಗಳಲ್ಲಿ ಸಂಸ್ಕೃತಿಯ ಹಬ್ಬ. ಆಗಸ್ಟ್ 22 ಬಂತೆಂದರೆ ವಿಶ್ವ ಜಾನಪದ ದಿನ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಏಪ್ರಿಲ್ 18ಕ್ಕೆ ಮತ್ತೆ ಪರಂಪರೆ ದಿನ. ನಡುವೆ ರಾಜ್ಯೋತ್ಸವ, ಯುವಜನೋತ್ಸವ, ಘಟಿಕೋತ್ಸವದ ಮುನ್ನಾದಿನದ ಸಾಂಸ್ಕೃತಿಕ ಸಂಜೆ. ಗೇಟಿನ ಮೇಲೆ ದೊಡ್ಡ ಬಟ್ಟೆ ಕಟ್ಟುತ್ತಾರೆ. ಅದರ ಕೊನೇ ಸಾಲಿನಲ್ಲಿ ಒಂದು ಮಾತು ತಪ್ಪದೆ ಇರುತ್ತೆ: ಸಾರ್ವಜನಿಕರಿಗೆ ಉಚಿತ ಪ್ರವೇಶ.

ಒಳ್ಳೇದೇ. ವಿಶ್ವವಿದ್ಯಾಲಯದ ಗೇಟು ವರ್ಷಕ್ಕೆ ನಾಲ್ಕು ದಿನವಾದರೂ ಊರ ಜನಕ್ಕೆ ತೆರೆಯಲಿ. ಸುತ್ತಲ ಹಳ್ಳಿಯ ಹೆಂಗಸರು, ಕೂಲಿಯವರು, ಮಕ್ಕಳು ಕಾಸು ಕೊಡದೆ ಒಳಗೆ ಬಂದು ಕುರ್ಚಿ ಮೇಲೆ ಕೂತು ಹಾಡು ಕೇಳಲಿ. ಇದನ್ನು ಬೇಡ ಅನ್ನುವ ದಡ್ಡರು ನಾವಲ್ಲ. ನಮ್ಮ ಪ್ರಶ್ನೆ ಒಂದೇ. ನೋಡೋರಿಗೆ ಉಚಿತ ಅಂದರೆ ಯಾರೋ ಅದರ ಖರ್ಚು ಹೊತ್ತಿರಬೇಕಲ್ಲ, ಹೊತ್ತವರು ಯಾರು? ಪೆಂಡಾಲಿನವನಿಗೆ ಬಾಡಿಗೆ ಸಿಗುತ್ತೆ. ಮೈಕಿನವನಿಗೆ ಸಿಗುತ್ತೆ. ಹೂವಿನವನಿಗೆ, ಶಾಲಿನ ಅಂಗಡಿಯವನಿಗೆ, ಅಡಿಗೆಯವನಿಗೆ ಸಿಗುತ್ತೆ. ಹಬ್ಬಕ್ಕೆ ಹಬ್ಬ ಅನ್ನೋ ಹೆಸರು ಬಂದದ್ದು ಯಾರಿಂದಲೋ, ಆ ತಮಟೆಯವನ ಪಾಲಿಗೆ ಎಷ್ಟು?

ಇಂಥ ಒಂದು ಹಬ್ಬದಲ್ಲಿ ನಾವು ಹಾಸ್ಟೆಲಿನ ಹುಡುಗರು ಸ್ವಯಂಸೇವಕರಾಗಿ ದುಡಿದೆವು. ಯಾವ ವಿಶ್ವವಿದ್ಯಾಲಯ ಅಂತ ಹೇಳೋದಿಲ್ಲ. ಹೆಸರು ಹೇಳಿದರೆ ಉಳಿದವರೆಲ್ಲ ತಮ್ಮ ಕೈ ಚೊಕ್ಕಟ ಅಂದುಕೊಳ್ಳುತ್ತಾರೆ. ಹತ್ತು ಜನ ತಮಟೆಯವರು ಬೆಳಿಗ್ಗೆ ಏಳಕ್ಕೇ ಬಂದು ಗೇಟಿನ ಹತ್ತಿರ ನಿಂತರು. ಮುಖ್ಯ ಅತಿಥಿಗಳ ಕಾರು ಬಂದಾಗ ಹನ್ನೊಂದೂವರೆ. ಅಲ್ಲೀತನಕ ತಮಟೆ ಕಾಯಿಸೋದು, ಅದು ತಣ್ಣಗಾಗೋದು, ಮತ್ತೆ ಹುಲ್ಲು ಹಚ್ಚಿ ಕಾಯಿಸೋದು. ಕಾರು ಬಂತು, ಬಡಿದರು, ಅತಿಥಿಗಳು ಕೈಮುಗಿದು ವೇದಿಕೆ ಹತ್ತಿದರು. ತಮಟೆಯವರು ಗೇಟಿನಲ್ಲೇ ಉಳಿದರು. ವೇದಿಕೆ ಮೇಲೆ ಎರಡು ಗಂಟೆ ಭಾಷಣ: ನಮ್ಮ ನೆಲದ ಸೊಗಡು, ಜನಪದರ ಮುಗ್ಧತೆ, ಬೇರುಗಳನ್ನು ಮರೆಯಬಾರದು. ಊಟಕ್ಕೆ ಚೀಟಿ ಇತ್ತು. ಚೀಟಿ ಕಲಾವಿದರಿಗೆ ಅಂತ ಇತ್ತು. ಗೇಟಿನಲ್ಲಿ ಬಡಿದವರು ಪಟ್ಟಿಯಲ್ಲಿ ಕಲಾವಿದರಾಗಿರಲಿಲ್ಲ, ‘ಸ್ವಾಗತ ವ್ಯವಸ್ಥೆ’ ಆಗಿದ್ದರು. ಶಾಮಿಯಾನ, ಕಮಾನು, ಬಾಳೆಕಂಬದ ಜೊತೆ ತಮಟೆ! ಸಂಜೆ ದುಡ್ಡು ಕೇಳಿದರೆ, ಬ್ಯಾಂಕ್ ಪುಸ್ತಕದ ಜೆರಾಕ್ಸ್ ಕೊಡಿ, ಪ್ಯಾನ್ ಕಾರ್ಡ್ ಕೊಡಿ, ಬಿಲ್ ಪಾಸಾದ ಮೇಲೆ ಬರುತ್ತೆ ಅಂದರು. ಬಸ್ ಚಾರ್ಜು ಕೊಟ್ಟು ಕಳಿಸಿದವರು ನಾವು ಹುಡುಗರು, ಮೆಸ್ಸಿನ ಕಾಸು ಕೂಡಿಸಿ.

ಇದಕ್ಕೆ ನಮ್ಮ ಕೇರಿಯಲ್ಲಿ ಹಳೇ ಹೆಸರೊಂದಿದೆ. ಬಿಟ್ಟಿ.

ನಮ್ಮ ಅಪ್ಪಂದಿರು, ತಾತಂದಿರು ಈ ಬಿಟ್ಟಿ ಮಾಡಿ ಸೋತವರು. ಊರಲ್ಲಿ ಹೆಣ ಬಿದ್ದರೆ ತಮಟೆ, ಮದುವೆಗೆ ತಮಟೆ, ಮಾರಿ ಹಬ್ಬಕ್ಕೆ ತಮಟೆ, ಪಂಚಾಯ್ತಿ ಡಂಗೂರಕ್ಕೆ ತಮಟೆ. ಸಾವಿಗೊಂದು ಏಟು, ಮದುವೆಗೊಂದು ಏಟು, ದೇವರು ಹೊರಡೋದಕ್ಕೆ ಇನ್ನೊಂದು. ಎಳೇ ಹುಡುಗ ಕಿವಿಯಲ್ಲೇ ಕಲಿತು ಬಿಡುತ್ತಿದ್ದ ಆ ವಿದ್ಯೆಗೆ ಊರು ಕೊಟ್ಟದ್ದು ಸುಗ್ಗಿಯಲ್ಲಿ ಒಂದು ಮೊರ ರಾಗಿ, ಹಬ್ಬದಲ್ಲಿ ದೂರದಿಂದ ಎತ್ತಿ ಹಾಕಿದ ಅನ್ನ. ಬರೋದಿಲ್ಲ ಅಂದವನಿಗೆ ಬಹಿಷ್ಕಾರ: ಅಂಗಡಿಯಲ್ಲಿ ಸಾಮಾನಿಲ್ಲ, ಹೊಲದಲ್ಲಿ ಕೂಲಿಯಿಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧ ಮಾಡಿತು. ನಮ್ಮ ರಾಜ್ಯದಲ್ಲಿ ತೋಟಿ, ತಳವಾರಿಯಂಥ ವಂಶಪಾರಂಪರ್ಯದ ಚಾಕರಿಗಳನ್ನು ಗ್ರಾಮಾಧಿಕಾರ ರದ್ದತಿಯ 1961ರ ಕಾಯ್ದೆ ತೆಗೆದುಹಾಕಿತು. 1976ರಲ್ಲಿ ಜೀತ ರದ್ದಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದಲಿತರಿಂದ ಬಿಟ್ಟಿ ಮಾಡಿಸೋದನ್ನು ಅಪರಾಧ ಅಂತ ಬರೆದರು. ಇವೆಲ್ಲ ಕಾನೂನು ಬರೋದಕ್ಕೆ ಮೊದಲೇ ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಜನಕ್ಕೆ ಹೇಳಿದ್ದು, ಹೀನ ಚಾಕರಿ ಬಿಡಿ ಅಂತ. 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದರು. ಊರು ಕೊಡೋ ಆ ವತನ ಗೌರವವಲ್ಲ, ಕಾಲಿಗೆ ಕಟ್ಟಿದ ಹಗ್ಗ ಅಂತ ಅವರು ಕಂಡಿದ್ದರು.

ಇಲ್ಲಿ ನಮ್ಮೊಳಗೇ ಒಂದು ಜಗಳ ಇದೆ. ಅದನ್ನು ಮುಚ್ಚಿಡೋದು ಬೇಡ. ಹಾಸ್ಟೆಲಿನ ಕೆಲವು ಗೆಳೆಯರು ಹೇಳ್ತಾರೆ: ತಮಟೆ ಅಂದರೇನೇ ಅವಮಾನ, ಅದನ್ನು ಸುಟ್ಟುಬಿಡಬೇಕು, ನಾವು ಪುಸ್ತಕ ಹಿಡಿಯೋಕೆ ಬಂದಿದ್ದೀವಿ, ಚರ್ಮ ಹಿಡಿಯೋಕಲ್ಲ. ಅವರ ಸಿಟ್ಟು ನಮಗೆ ಅರ್ಥ ಆಗುತ್ತೆ. ಕ್ಲಾಸಿನಲ್ಲಿ ‘ನಿಮ್ಮಪ್ಪ ಏನು ಮಾಡ್ತಾನೆ’ ಅಂದಾಗ ತಲೆ ತಗ್ಗಿಸಿದ ಹುಡುಗನಿಗೆ ಸಂಜೆ ಅದೇ ತಮಟೆಯನ್ನು ‘ನಮ್ಮ ಭವ್ಯ ಪರಂಪರೆ’ ಅಂತ ತೋರಿಸಿದರೆ ರಕ್ತ ಕುದಿಯದೆ ಇರುತ್ತಾ? ಇನ್ನು ಕೆಲವರು ಹೇಳ್ತಾರೆ: ತಮಟೆ ನಮ್ಮ ಹಿರಿಯರ ವಿದ್ಯೆ, ಅದನ್ನು ಬಿಟ್ಟರೆ ನಮ್ಮ ಹತ್ತಿರ ನಮ್ಮದೇ ಅನ್ನೋದು ಏನು ಉಳೀತು?

ನಮಗೆ ಕಂಡದ್ದು ಇಷ್ಟು. ಅವಮಾನ ಇರೋದು ತಮಟೆಯಲ್ಲಲ್ಲ, ಅದನ್ನು ಬಡಿಯಲೇಬೇಕು ಅನ್ನೋ ಕಟ್ಟಳೆಯಲ್ಲಿ. ಅದೇ ತಮಟೆ ಎಪ್ಪತ್ತು, ಎಂಬತ್ತರ ದಶಕದಲ್ಲಿ ಜಾಥಾಗಳ ಮುಂದೆ ನಡೀತು. ಹೆಣದ ಮುಂದೆ ಬಡಿಯುತ್ತಿದ್ದ ಕೈ ತಾಲ್ಲೂಕು ಕಚೇರಿ ಮುಂದೆ ಬಡಿದಾಗ ಅಮಲ್ದಾರರು ಎದ್ದು ಹೊರಗೆ ಬಂದರು. ಚರ್ಮ ಬದಲಾಗಲಿಲ್ಲ, ಕೋಲು ಬದಲಾಗಲಿಲ್ಲ. ಯಾರ ಮಾತಿಗೆ ಬಡೀತೀವಿ ಅನ್ನೋದು ಬದಲಾಯ್ತು. ಚಿಕ್ಕಬಳ್ಳಾಪುರ ಸೀಮೆಯ ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ದಿನ ನಮ್ಮ ಕೇರಿಗಳಲ್ಲಿ ಸಂತೋಷಪಡದ ಮನೆ ಇರಲಿಲ್ಲ. ಆದರೆ ಒಬ್ಬರಿಗೆ ಪದ್ಮಶ್ರೀ ಕೊಟ್ಟು ಉಳಿದವರನ್ನು ಗೇಟಿನಲ್ಲಿ ನಿಲ್ಲಿಸೋದು ಯಾವ ನ್ಯಾಯ?

ಈಗ ವಿಶ್ವವಿದ್ಯಾಲಯದ ಒಳಕ್ಕೆ ಹೋಗೋಣ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅದರ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮೀವಿಲಾಸ ಅಂತ ಒಂದು ಅರಮನೆ ಇದೆ. 1905ರಲ್ಲಿ ರಾಜಕುಮಾರಿಗೆ ಅಂತ ಕಟ್ಟಿಸಿದ್ದು. ಅಲ್ಲಿ ಈಗ ಜಾನಪದ ವಸ್ತುಸಂಗ್ರಹಾಲಯ. 1960ರ ದಶಕದ ಕೊನೆಯಿಂದ ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅವರಂಥವರು ಹಳ್ಳಿಹಳ್ಳಿ ತಿರುಗಿ ಕೂಡಿಸಿದ ಸಾಮಾನು ಅಲ್ಲಿದೆ. ಸೋಮನ ಮುಖ, ತೊಗಲುಗೊಂಬೆ, ಮಡಕೆ ಕುಡಿಕೆ, ಬುಟ್ಟಿ, ನೇಗಿಲು. ಆ ಕೆಲಸವನ್ನು ನಾವು ಹಗುರ ಮಾಡೋದಿಲ್ಲ. ಅವರು ತಿರುಗದಿದ್ದರೆ ಎಷ್ಟೋ ಹಾಡು ಮುದುಕರ ಜೊತೆ ಮಣ್ಣಾಗುತ್ತಿತ್ತು. ಆದರೂ ಒಂದು ಮಾತು ಹೇಳಲೇಬೇಕು. ನಮ್ಮವರು ಕಾಲಿಡಲಾಗದಿದ್ದ ಅರಮನೆಯೊಳಕ್ಕೆ ನಮ್ಮವರ ಸಾಮಾನು ಮೊದಲು ಹೋಯ್ತು. ಸಾಮಾನಿನ ಹಿಂದೆ ಮನುಷ್ಯರೂ ಹೋಗಬೇಕು. ನೋಡೋರಾಗಿ ಮಾತ್ರ ಅಲ್ಲ, ಅಲ್ಲಿ ಕೂತು ಓದೋರಾಗಿ, ಬರೆಯೋರಾಗಿ, ಪಾಠ ಹೇಳೋರಾಗಿ.

ಮಂಟೇಸ್ವಾಮಿ ಕಾವ್ಯ ನೋಡಿ. ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡೋ ಕತೆ. ಅದನ್ನು ತಲೆಯಲ್ಲಿ ಇಟ್ಟುಕೊಂಡು ತಲೆಮಾರುಗಳ ಕಾಲ ಕಾಪಾಡಿದವರಲ್ಲಿ ನಮ್ಮ ಕೇರಿಯವರೇ ಹೆಚ್ಚು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು 1990ರ ದಶಕದಲ್ಲಿ ದೊಡ್ಡ ಪುಸ್ತಕವಾಗಿ ತಂದಿತು. ಈಗ ಎಂ.ಎ. ಪಾಠದಲ್ಲಿ ಅದು ಬರುತ್ತೆ, ಪಿಎಚ್.ಡಿ.ಗಳಾಗುತ್ತವೆ. ಆ ಕತೆಯಲ್ಲಿ ಏನಿದೆ? ಮಂಟೇದಸ್ವಾಮಿ ಕಲ್ಯಾಣಕ್ಕೆ ಬರ್ತಾನೆ. ಮೈಯೆಲ್ಲ ಗಾಯ, ಕೈಯಲ್ಲಿ ಹೆಂಡದ ಗಡಿಗೆ, ನಾರುವ ವೇಷ. ಬಾಗಿಲು ಕಾಯೋರು ಒಳಗೆ ಬಿಡೋದಿಲ್ಲ. ತಿಪ್ಪೆಗೆ ಎಸೀತಾರೆ. ಒಳಗೆ ಸಾವಿರಾರು ಶರಣರಿಗೆ ದಾಸೋಹ ನಡೀತಾ ಇರುತ್ತೆ, ಬಾಗಿಲಲ್ಲಿ ಗುರು ಬಿದ್ದಿರುತ್ತಾನೆ. ಸಮಾನತೆ ಹೇಳಿದ ಊರಿನ ಬಾಗಿಲಲ್ಲೇ ಸಮಾನತೆಯ ಪರೀಕ್ಷೆ. ಇಂಥ ಕತೆಯನ್ನು ವೇದಿಕೆ ಮೇಲೆ ಹತ್ತು ನಿಮಿಷಕ್ಕೆ ಕತ್ತರಿಸಿ ಹಾಡಿಸಿ, ಹಾಡಿದವನನ್ನು ಊಟದ ಚೀಟಿ ಇಲ್ಲ ಅಂತ ನಿಲ್ಲಿಸಿದರೆ, ಆ ಬಾಗಿಲು ಕಾಯೋರು ಯಾರು ಅಂತ ಬಿಡಿಸಿ ಹೇಳಬೇಕಾ?

ವಿಶ್ವವಿದ್ಯಾಲಯಗಳು ಒಳ್ಳೇದನ್ನೂ ಮಾಡಿವೆ. ಅದನ್ನೂ ಹೇಳೋಣ. ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿತವರಲ್ಲ, ಅಲೆಮಾರಿ ಬುಡ್ಗ ಜಂಗಮರ ಹೆಣ್ಣುಮಗಳು. ಅವರಿಗೆ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದ ತಾಯಿ. ಅವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಕ್ಷರ ಬಾರದ ತಾಯಂದಿರನ್ನು ಡಾಕ್ಟರ್ ಅಂತ ಕರೆದದ್ದು ಸಣ್ಣ ಮಾತಲ್ಲ. ಆದರೆ ನಮಗೆ ಮುದಿ ವಯಸ್ಸಿನ ಗೌರವ ಡಾಕ್ಟರೇಟ್ ಮಾತ್ರ ಸಾಲದು. ಆ ತಾಯಂದಿರ ಮೊಮ್ಮಕ್ಕಳು ಇಪ್ಪತ್ತೈದಕ್ಕೆ ಓದಿ ಪಡೆಯೋ ಡಾಕ್ಟರೇಟೂ ಬೇಕು. ಅದಕ್ಕೆ ಬೇಕಾದ್ದು ಶಾಲು ಹಾರ ಅಲ್ಲ. ತಿಂಗಳು ತಿಂಗಳು ಸರಿಯಾಗಿ ಬರೋ ಫೆಲೋಶಿಪ್ಪು, ನೀರು ಬರೋ ಹಾಸ್ಟೆಲು, ಜಾತಿ ನೋಡಿ ವೈವಾದಲ್ಲಿ ಅಂಕ ಕಡಿಯದ ಮೇಷ್ಟ್ರು.

ಅದು ಆಗೋದೇ ಇಲ್ಲ ಅಂತೇನೂ ಇಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿ ಇದ್ದು ಓದಿದ ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಅಲ್ಲೀತನಕ ನಮ್ಮ ಮಾರಿ, ನಮ್ಮ ಮಸಣಿಗಳ ಬಗ್ಗೆ ಹೊರಗಿನವರು ಬಂದು ಕೇಳೋರು, ನಮ್ಮವರು ಹೇಳೋರು. ಕೇಳಿದವರ ಹೆಸರು ಪುಸ್ತಕದ ಮೇಲೆ, ಹೇಳಿದವರ ಹೆಸರು ಹಿಂದಿನ ಪುಟದ ‘ವಕ್ತೃಗಳ ಪಟ್ಟಿ’ಯಲ್ಲಿ, ಅದೂ ಇದ್ದರೆ. ಹೇಳೋರ ಕಡೆಯವನೇ ಕೇಳೋನೂ ಬರೆಯೋನೂ ಆದಾಗ ವಿದ್ಯೆಯ ದಿಕ್ಕೇ ಬದಲಾಗುತ್ತೆ. ಹಬ್ಬ ಮಾಡೋ ಎಲ್ಲ ವಿಶ್ವವಿದ್ಯಾಲಯಗಳಿಗೂ ನಾವು ಕೇಳೋದು ಇದು: ನಿಮ್ಮ ಜಾನಪದ ವಿಭಾಗದಲ್ಲಿ, ಕನ್ನಡ ವಿಭಾಗದಲ್ಲಿ, ಇತಿಹಾಸ ವಿಭಾಗದಲ್ಲಿ ನಮ್ಮ ಪಾಲಿನ ಎಷ್ಟು ಹುದ್ದೆ ಖಾಲಿ ಬಿದ್ದಿವೆ? ಖಾಲಿ ಕುರ್ಚಿಗಳನ್ನು ಹಾಗೇ ಇಟ್ಟುಕೊಂಡು ಗೇಟಿನಲ್ಲಿ ತಮಟೆ ಬಡಿಸೋದು ಯಾವ ಸಂಸ್ಕೃತಿ?

ಇನ್ನೊಂದು ಮಾತು. ಪರಂಪರೆ ಅಂತ ಬಂದದ್ದೆಲ್ಲಾ ಹಬ್ಬಕ್ಕೆ ಯೋಗ್ಯ ಅಲ್ಲ. ಚಂದ್ರಗುತ್ತಿಯ ಬೆತ್ತಲೆ ಸೇವೆಯೂ ಪರಂಪರೆ ಅಂತಲೇ ನಡೀತಿತ್ತು. 1986ರಲ್ಲಿ ನಮ್ಮ ಸಂಗಾತಿಗಳು ಏಟು ತಿಂದು ಅದನ್ನು ನಿಲ್ಲಿಸಿದರು. ದೇವದಾಸಿ ಬಿಡೋದೂ ಪರಂಪರೆಯೇ ಆಗಿತ್ತು, 1982ರ ಕಾಯ್ದೆ ಅದನ್ನು ನಿಷೇಧಿಸಿತು. ಕರಾವಳಿಯ ಕೊರಗರ ಡೋಲು ಕೇಳಿದ್ದೀರಾ? ಕೇಳೋಕೆ ಸೊಗಸು. ಆದರೆ ಕಂಬಳ ಶುರುವಾಗೋದಕ್ಕೆ ಮೊದಲು ಕೊರಗರನ್ನೇ ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸೋರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸೋರು. ಕೂಲಿ ಕೊಡದೆ ದುಡಿಸೋರು. ಇದಕ್ಕೆ ಅಜಲು ಅಂತ ಹೆಸರು. ಇದನ್ನು ನಿಷೇಧಿಸೋಕೆ ಕರ್ನಾಟಕ ಸರ್ಕಾರ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯ್ತು. ಇಪ್ಪತ್ತನೇ ಶತಮಾನ ಮುಗಿಯೋವಾಗ! ಈಗ ಹೇಳಿ, ಕಂಬಳದ ಫೋಟೋ ಪ್ರದರ್ಶನ ಹಾಕಿದಾಗ ಪಕ್ಕದಲ್ಲಿ ಅಜಲು ಕಾಯ್ದೆಯ ಒಂದು ಪುಟವನ್ನೂ ತೂಗು ಹಾಕಬೇಕೋ ಬೇಡವೋ? ಜಾತ್ರೆ ಸಮಿತಿ ಹಾಕದಿದ್ದರೆ ಬಿಡಿ, ಅದು ಜಾತ್ರೆ ಸಮಿತಿ. ವಿಶ್ವವಿದ್ಯಾಲಯ ಹಾಕಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಹೂಳಬೇಕು ಅಂತ ವಿಚಾರ ಮಾಡೋಕೆ ತಾನೆ ಅದು ಇರೋದು.

ಈ ವಿಚಾರ ಎತ್ತಿದವರಿಗೆ ಏನಾಯ್ತು ಅನ್ನೋದೂ ನಮಗೆ ಗೊತ್ತು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದರಲ್ಲಿ ನಮಗೇನಿದೆ ಅನ್ನೋದೇ ಅವರ ಪ್ರಶ್ನೆಯಾಗಿತ್ತು. ಉತ್ತರ ಕೊಡೋ ಬದಲು ಬೀದಿಗಿಳಿದರು. ದಲಿತ ಹುಡುಗರಿಗೆ ಹೊಡೆದರು, ಹಾಸ್ಟೆಲುಗಳ ಮೇಲೆ ಬಿದ್ದರು, ಮಂತ್ರಿಗಿರಿ ಹೋಯ್ತು. ಮರಾಠವಾಡ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡೋ ಠರಾವು 1978ರಲ್ಲಿ ಆದಾಗ ಹಳ್ಳಿಹಳ್ಳಿಯಲ್ಲಿ ಕೇರಿಗಳು ಸುಟ್ಟವು. ಹೆಸರು ಬಂದದ್ದು 1994ರಲ್ಲಿ. ನೆನಪಿಡಿ, ನಮ್ಮ ತಮಟೆ ಅವರಿಗೆ ಬೇಕು. ನಮ್ಮ ಪ್ರಶ್ನೆ ಬಂದಾಗ ಮಾತ್ರ ಕಿವಿ ಮುಚ್ಚಿಕೊಳ್ತಾರೆ. 2016ರ ಜನವರಿಯಲ್ಲಿ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲಿನಿಂದ ಹೊರಗೆ ಹಾಕಿಸಿಕೊಂಡ ರೋಹಿತ್ ವೇಮುಲನ ಸಾವನ್ನು ಮರೆತು ಯಾವ ವಿಶ್ವವಿದ್ಯಾಲಯದ ಹಬ್ಬವನ್ನೂ ನಾವು ನೋಡಲಾರೆವು.

ಹಾಗಾದರೆ ಏನು ಮಾಡೋಣ? ಹಬ್ಬಕ್ಕೆ ಬಹಿಷ್ಕಾರ ಹಾಕಿ ಹಾಸ್ಟೆಲಿನ ರೂಮಿನಲ್ಲಿ ಮಲಗೋದಾ? ಅದರಿಂದ ಯಾರಿಗೂ ನಷ್ಟ ಇಲ್ಲ. ಹೋಗಬೇಕು. ಊರಿಂದ ಅವ್ವನನ್ನು, ಅಜ್ಜಿಯನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಬೇಕು. ಜೊತೆಗೆ ಈ ಬೇಡಿಕೆಗಳನ್ನು ಕುಲಪತಿಗಳ ಮುಂದೆ ಇಡಬೇಕು:

1. ತಮಟೆಯವರು, ಅರೆಯವರು, ನೀಲಗಾರರು, ಚೌಡಿಕೆಯವರು, ಡೋಲಿನವರು ಎಲ್ಲರ ಹೆಸರು ಕರಪತ್ರದಲ್ಲಿ ಅಚ್ಚಾಗಬೇಕು. ‘ಮತ್ತು ತಂಡ’ ಅಂತ ಮುಗಿಸಕೂಡದು.

2. ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ ಅದೇ ದಿನ ಕೈಗೆ ಕೊಡಬೇಕು. ಕಾಗದ ಪತ್ರದ ಕೆಲಸ ಕಚೇರಿಯವರದು, ಕಲಾವಿದರದಲ್ಲ.

3. ಅತಿಥಿಗಳಿಗೂ ಕಲಾವಿದರಿಗೂ ಒಂದೇ ಊಟ, ಒಂದೇ ಪಂಕ್ತಿ.

4. ಧ್ವನಿಮುದ್ರಣ, ವಿಡಿಯೋ ಮಾಡಿದರೆ ಒಂದು ಪ್ರತಿ ಆ ಊರಿನ ಕೇರಿಗೆ ಸೇರಬೇಕು. ಅವರ ಒಪ್ಪಿಗೆ ಇಲ್ಲದೆ ಮಾರಕೂಡದು.

5. ತಮಟೆ, ಮಂಟೇಸ್ವಾಮಿ ಪದ, ಕಂಸಾಳೆ ಕಲಿಸೋ ಮೇಷ್ಟ್ರನ್ನು ವಿಶ್ವವಿದ್ಯಾಲಯವೇ ನೇಮಿಸಬೇಕು. ಡಿಗ್ರಿ ಇಲ್ಲ ಅನ್ನೋ ನೆಪ ಇನ್ನು ನಡೆಯೋದಿಲ್ಲ. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಒಂದು ದಾರಿ ತೆರೆದಿದೆ. ಮಂಜೂರಾದ ಹುದ್ದೆಗಳ ಶೇಕಡ 10ರವರೆಗೆ ಅನುಭವಿಗಳನ್ನು ತೆಗೆದುಕೊಳ್ಳಬಹುದು. 15 ವರ್ಷದ ಅನುಭವ ಇರಬೇಕು, ಡಿಗ್ರಿ ಕಡ್ಡಾಯ ಅಲ್ಲ. ಕಂಪನಿ ಸಾಹೇಬರಿಗೆ ತೆರೆದ ಬಾಗಿಲು ಐವತ್ತು ವರ್ಷ ತಮಟೆ ಬಡಿದವನಿಗೂ ತೆರೆಯಲಿ. ಆದರೆ ಇದರ ನೆಪ ಹೇಳಿ ನಮ್ಮ ಮೀಸಲು ಹುದ್ದೆಗಳನ್ನು ಮುಟ್ಟಿದರೆ ಸುಮ್ಮನಿರೋದಿಲ್ಲ.

6. ಹಬ್ಬದ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಬೇಕು.

ಆರನೇದನ್ನು ಅವರು ತಾವಾಗಿ ಮಾಡೋದಿಲ್ಲ. ಹಾಗಾಗಿ ನಾವೇ ಮಾಡೋಣ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಬಿಳೀ ಹಾಳೆಯಲ್ಲಿ ಅರ್ಜಿ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಕೊಡದಿದ್ದರೆ ಮೇಲ್ಮನವಿ. ಕೇಳಬೇಕಾದ್ದು ಮೂರೇ: ಪೆಂಡಾಲು, ಹೂವು, ಶಾಲಿಗೆ ಎಷ್ಟು? ಕಲಾವಿದರಿಗೆ ಎಷ್ಟು, ಯಾವ ತಾರೀಖಿನಲ್ಲಿ ಕೊಟ್ಟಿರಿ? ಈ ಹಣ ಯಾವ ಲೆಕ್ಕದ ಬಾಬ್ತಿನಿಂದ ಬಂತು? ಮೂರನೇ ಪ್ರಶ್ನೆ ಮರೀಬೇಡಿ. ಪರಿಶಿಷ್ಟರ ಉಪಯೋಜನೆಯ ಹಣ ಪರಿಶಿಷ್ಟರಿಗೇ ಹೋಗಬೇಕು ಅಂತ 2013ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿದೆ. ನಮ್ಮ ಫೆಲೋಶಿಪ್ಪಿನ, ನಮ್ಮ ಹಾಸ್ಟೆಲಿನ ಕಾಸಿನಲ್ಲಿ ಯಾರದಾದರೂ ಕೊರಳಿಗೆ ಹಾರ ಬಿದ್ದಿದೆಯಾ ಅಂತ ಕೇಳೋದು ನಮ್ಮ ಹಕ್ಕು.

ಅರ್ಜಿ ಬರೆಯೋದು ಗೊತ್ತಿಲ್ಲದ ತಮ್ಮಂದಿರು, ತಂಗಿಯರು ಹಾಸ್ಟೆಲಿನ ಹಿರಿಯರನ್ನು ಕೇಳಲಿ. ಉತ್ತರ ಬಂದ ಮೇಲೆ ನಮಗೂ ಒಂದು ಪ್ರತಿ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಅಚ್ಚು ಹಾಕ್ತೀವಿ.

ಪ್ರವೇಶ ಉಚಿತ ಇರಲಿ. ದುಡಿಮೆ ಬಿಟ್ಟಿ ಆಗೋದು ಬೇಡ.

ಜೈ ಭೀಮ್.